ನಿಂತು ನಿಂತು ಓಡುವ ಮದುವೆ ಡಿವಿಡಿ

ನಮ್ಮ ಊರುಗಳಲ್ಲಿ ಮದುವೆ, ಜಾತ್ರೆ, ನಾಟಕ ಎಲ್ಲವೂ ಡಿವಿಡಿಗೆ ಹೋಗುತ್ತಿದ್ದ ಕಾಲವಿತ್ತು. ಆ ಡಿಸ್ಕುಗಳು ಈಗ ಟ್ರಂಕಿನ ತಳದಲ್ಲಿವೆ. ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತದೆ, ಮಾತು ತುಂಡಾಗುತ್ತದೆ. 'ಹೋಯ್ತು ಬಿಡು' ಎಂದು ಎತ್ತಿಡುತ್ತೇವೆ. ವರದಿಗೆಂದು ಹಳ್ಳಿ ತಿರುಗುವಾಗ ನಾವು ಇಂಥ ಡಿಸ್ಕುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಎಲ್ಲವೂ ಹೋಗಿರುವುದಿಲ್ಲ.

ಅಂಗಡಿಯಲ್ಲಿ ಸಿಗುತ್ತಿದ್ದ ಸಿನಿಮಾ ಡಿಸ್ಕುಗಳನ್ನು ಅಚ್ಚು ಒತ್ತಿ ಮಾಡಿರುತ್ತಾರೆ. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಡಿಸ್ಕಿನಲ್ಲಿ ಮಾತ್ರ ಲೇಸರ್ ಒಂದು ತೆಳು ಬಣ್ಣದ ಪದರದ ಮೇಲೆ ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಜೊತೆಗೆ ಗೀರು, ಧೂಳು. ಆಗ ಪ್ಲೇಯರ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ, ಚಿತ್ರ ಕಾಯುತ್ತದೆ.

ಬರೆಯುವುದು ಡಿಸ್ಕಿನ ಒಳಗಿನಿಂದ ಹೊರಗೆ. ತುಂಬಿದ ಡಿಸ್ಕಿನ ಕೊನೆಯ ಭಾಗ ನಮ್ಮ ಬೆರಳು ತಾಗುವ ಅಂಚಿನಲ್ಲೇ ಇರುತ್ತದೆ. ಧಾರೆ ಚೆನ್ನಾಗಿ ಓಡಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಡಿಸ್ಕ್ ನಿಲ್ಲುವುದು ಇದಕ್ಕೇ.

ನಮ್ಮ ತಾಲ್ಲೂಕಿನ ಹೆಣ್ಣುಮಗಳೊಬ್ಬರ ಡಿಸ್ಕ್ ಸರಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಅಳಿಯನ ಕೈಗೆ ಮಗಳ ಕೈ ಇಟ್ಟು ಅಪ್ಪ ನಾಲ್ಕು ಮಾತಾಡುವ ಜಾಗ. ಅಪ್ಪ ಈಗಿಲ್ಲ. ಅವರ ದನಿ ಬೇರೆಲ್ಲೂ ಇಲ್ಲ.

ಅಂಥ ಡಿಸ್ಕನ್ನು ಮತ್ತೆ ಮತ್ತೆ ಹಾಕಿ ನೋಡಬೇಡಿ. ಮೊದಲು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸೆರಗಿನಿಂದ ಸುತ್ತ ಉಜ್ಜಿದರೆ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬಿದ್ದು ನಷ್ಟ ಹೆಚ್ಚು. ಆಮೇಲೆ ಕಂಪ್ಯೂಟರಿಗೆ ಹಾಕಿ ಇಡೀ ಫೋಲ್ಡರ್ ಕಾಪಿ ಮಾಡಿ. ಕಾಪಿ ಸರಾಗವಾಗಿ ಓಡಿದರೆ ಮಾಹಿತಿ ಕ್ಷೇಮ, ಓದುವುದಷ್ಟೇ ನಿಧಾನವಾಗಿತ್ತು. ಕಾಪಿಯೂ ತಡವರಿಸಿದರೆ ವಿಎಲ್‌ಸಿ ಪ್ಲೇಯರಿನಲ್ಲಿ ಒಮ್ಮೆ ನೋಡಿ. ತೊಂದರೆ ಕಂಪ್ಯೂಟರಿನದೂ ಇರಬಹುದು.

ಕಾಪಿಯೇ ಅರ್ಧಕ್ಕೆ ನಿಂತರೆ ಬೇರೆ ಡ್ರೈವಿನಲ್ಲಿ ಹಾಕಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶ ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಆ ಹೆಣ್ಣುಮಗಳ ಡಿಸ್ಕಿಗೆ ಎರಡು ಡ್ರೈವ್ ಬೇಕಾಯಿತು. ನಡುವೆ ಕೆಲವು ಕ್ಷಣ ಚಿತ್ರ ಚೌಕ ಚೌಕವಾಗಿಯೇ ಉಳಿಯಿತು. ಅಪ್ಪನ ಮಾತು ಪೂರ್ತಿ ಬಂತು.

ಸಾಮಾನ್ಯ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಆರು ಡಿಸ್ಕಿನ ಕಾಪಿ ಕೂರುತ್ತದೆ. ಒಂದು ನಿಮ್ಮಲ್ಲಿರಲಿ, ಇನ್ನೊಂದು ತವರಿನಲ್ಲೋ ಅಣ್ಣನ ಮನೆಯಲ್ಲೋ ಇರಲಿ. ವಾಟ್ಸಾಪಿನಲ್ಲಿ ಕಳಿಸಿದ್ದು ಸಾಕೆನ್ನಬೇಡಿ, ಅಲ್ಲಿ ವಿಡಿಯೋ ಕುಗ್ಗುತ್ತದೆ.

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಹಳೆಯ ಕಂಪ್ಯೂಟರ್ ಇರುವ ಅಂಗಡಿ ನಿಮ್ಮೂರ ಹತ್ತಿರ ಇನ್ನೂ ಇದ್ದರೆ ಈ ವಾರವೇ ಹೋಗಿ. ತೀರಿಕೊಂಡವರು ಇರುವ ಡಿಸ್ಕನ್ನು ಮೊದಲು ಕೊಡಿ.