ವಾಡಿಯಲ್ಲಿ ಗಾಡಿ ಬದಲಿಸಿ

ಸೇಡಂನಲ್ಲಿ ನನ್ನ ಅಕ್ಕನ ಮಗನ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಪಹಣಿ, ಆನ್‌ಲೈನ್ ಅರ್ಜಿಗಳ ಜೊತೆಗೆ ಈಗ ಮದುವೆ ವಿಡಿಯೊ ಎಡಿಟಿಂಗೂ ಸೇರಿಕೊಂಡಿದೆ. ಹಳೇ ಕಂಪ್ಯೂಟರು ಏದುಸಿರು ಬಿಡತೊಡಗಿದಾಗ ರೈಜೆನ್ 5 9600ಎಕ್ಸ್ ಪ್ರೊಸೆಸರ್ ಹಾಕಿಸುವುದೆಂದು ಒಂದೇ ಮಾತಿನಲ್ಲಿ ನಿಕ್ಕಿ ಮಾಡಿಬಿಟ್ಟ. ಮದರ್‌ಬೋರ್ಡಿನ ಪಾಳಿ ಬಂದಾಗ ಮಾತ್ರ ಶಹಾಬಾದಿನಲ್ಲಿರುವ ನನಗೆ ಫೋನು ಬಂತು. "ಮಾಮಾ, ಎ620, ಬಿ650, ಎಕ್ಸ್670 ಅಂತ ಮೂರು ನಮೂನಿ ಚಿಪ್‌ಸೆಟ್ ಅವ. ಮೂರಕ್ಕೂ ಇದೇ ಪ್ರೊಸೆಸರ್ ಕೂಡ್ತದಂತ. ಹಂಗಿದ್ರ ರೊಕ್ಕ ಯಾಕ ಹೆಚ್ಚು ಕೊಡಬೇಕು, ಹೇಳ್ರಿ?"

ರೈಲು ಹಾದಿಯಲ್ಲೇ ಬೆಳೆದ ಹುಡುಗನಿಗೆ ಚಿಪ್‌ಸೆಟ್ ತಿಳಿಸಲು ವಾಡಿ ಜಂಕ್ಷನ್ ಸಾಕು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಹೈದರಾಬಾದ್ ಶಹರ ಮಾತ್ರ ಆ ಹಾದಿಯಿಂದ ಹೊರಗೇ ಉಳಿಯಿತು. ಆಗ ನಿಜಾಮ ಸರಕಾರ ಹೈದರಾಬಾದಿನಿಂದ ಹಳಿ ಹಾಕಿಸಿ 1874ರಲ್ಲಿ ವಾಡಿಗೆ ತಂದು ಜೋಡಿಸಿತು. ತಾಂಡೂರು, ಸೇಡಂ, ಚಿತ್ತಾಪುರ ಆ ಹಳಿಯ ಮೇಲೆ ಬಂದವು. ಚಿಂಚೋಳಿಯವರು ಇವತ್ತಿಗೂ ಬಸ್ಸಿನಲ್ಲಿ ತಾಂಡೂರಿಗೆ ಹೋಗಿಯೇ ರೈಲು ಹತ್ತಬೇಕು. ಬೋರ್ಡಿನ ಮೇಲೂ ಪ್ರೊಸೆಸರ್ ಎಂಬ ದೊಡ್ಡ ಶಹರದಿಂದ ಯಾವ ಊರಿಗೆ ಹಳಿ, ಯಾವ ಊರಿಗೆ ಬಸ್ಸೂ ಇಲ್ಲ ಎಂಬುದರಲ್ಲಿ ಬಹುಪಾಲು ಚಿಪ್‌ಸೆಟ್ಟಿನದೇ ಕಾರುಬಾರು.

ಎಂಬತ್ತರ ದಶಕದ ಬೋರ್ಡುಗಳ ಮೇಲೆ ಈ ಕೆಲಸಕ್ಕೆ ಹತ್ತಾರು ಪುಟ್ಟ ಚಿಪ್ಪುಗಳು ಸಾಲಾಗಿ ಕೂತಿರುತ್ತಿದ್ದವು. ಅವನ್ನೆಲ್ಲ ಬೆರಳೆಣಿಕೆಯ ಚಿಪ್ಪುಗಳಲ್ಲಿ ಅಡಕಗೊಳಿಸಿದ್ದು ಅಮೆರಿಕದ ಚಿಪ್ಸ್ ಅಂಡ್ ಟೆಕ್ನಾಲಜೀಸ್ ಕಂಪನಿ. ಅದನ್ನು ಕಟ್ಟಿದವರಲ್ಲಿ ಒಬ್ಬ ಡಾಡೊ ಬನಾಟಾವೊ, ಫಿಲಿಪೀನ್ಸಿನ ಭತ್ತದ ರೈತನ ಮಗ. ಐಬಿಎಂನ ಪಿಸಿಯನ್ನು ಹೋಲುವ ಯಂತ್ರವನ್ನು ಯಾರು ಬೇಕಾದರೂ ಅಗ್ಗಕ್ಕೆ ಜೋಡಿಸುವ ಕಾಲ ಬಂದದ್ದರಲ್ಲಿ ಆತನ ಪಾಲು ದೊಡ್ಡದು. ಗಲ್ಲಿಗಲ್ಲಿಯ ನಮ್ಮ 'ಅಸೆಂಬಲ್ಡ್' ಕಂಪ್ಯೂಟರುಗಳು ಆ ವಂಶದವೇ.

ನನ್ನದೂ ಅಂಥದ್ದೇ. ತೊಂಬತ್ತರ ದಶಕದ ಕೊನೆಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಪೆಂಟಿಯಂ-2 ಕೊಂಡು, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಬಂದಿದ್ದೆ. ಅಂಗಡಿಯವ "ಬಿಎಕ್ಸ್ ಬೋರ್ಡ್ ಲೇಲೋ ಸಾಬ್" ಎಂದು ಪಟ್ಟು ಹಿಡಿದಿದ್ದ. 1998ರಲ್ಲಿ ಬಂದ ಇಂಟೆಲ್ 440ಬಿಎಕ್ಸ್ ಅದು. ಅವನ ಮಾತಿನಲ್ಲಿ ಹುರುಳಿತ್ತು. ಆಗ ಮೆಮೊರಿಗೂ ಗ್ರಾಫಿಕ್ಸ್ ಕಾರ್ಡಿಗೂ ದಾರಿ ಚಿಪ್‌ಸೆಟ್ಟಿನ ನಾರ್ತ್ ಬ್ರಿಜ್ ಮೂಲಕವೇ. ಅದು ಮಂದವಾದರೆ ಪ್ರೊಸೆಸರ್ ಎಷ್ಟು ಚುರುಕಿದ್ದರೂ ಕಾದು ಕೂರಬೇಕು. 2003ರಲ್ಲಿ ಎಎಂಡಿ ತನ್ನ ಅಥ್ಲಾನ್ 64ರಲ್ಲಿ ಮೆಮೊರಿಯ ಉಸ್ತುವಾರಿಯನ್ನು ಪ್ರೊಸೆಸರಿನ ಒಳಗೇ ಎಳೆದುಕೊಂಡಿತು. ಇಂಟೆಲ್ 2008ರಲ್ಲಿ ಅದೇ ದಾರಿ ಹಿಡಿಯಿತು. ಮುಂಬೈಯಿಂದ ಹೈದರಾಬಾದಿಗೆ ನೇರ ಗಾಡಿ ಇರುವಾಗ ವಾಡಿಯಲ್ಲಿ ಯಾರು ಇಳಿಯುತ್ತಾರೆ?

ಅದಕ್ಕೇ ನಾನು ಎಕ್ಸ್670 ಬೇಡವೆಂದೆ. ಬಿ650ರಲ್ಲಿರುವ ಚಿಪ್ಪನ್ನೇ ಎರಡು ಮಾಡಿ ಒಂದರ ಬೆನ್ನಿಗೊಂದು ಕಟ್ಟಿದರೆ ಅದು ಎಕ್ಸ್670. ಸೇಡಂ ಗಾಡಿ ಚಿತ್ತಾಪುರ ದಾಟಿಯೇ ವಾಡಿ ಮುಟ್ಟುವಂತೆ ಎರಡನೆಯದರ ಸರಕೆಲ್ಲ ಮೊದಲನೆಯದನ್ನು ಹಾದೇ ಪ್ರೊಸೆಸರಿಗೆ ಹೋಗಬೇಕು. ಯುಎಸ್‌ಬಿಯಂಥ ಬಾಗಿಲು ಹೆಚ್ಚುತ್ತವೆ, ರಸ್ತೆ ಅಗಲವಾಗುವುದಿಲ್ಲ. ಮೆಮೊರಿ, ಗ್ರಾಫಿಕ್ಸ್, ಮೊದಲ ಎಸ್‌ಎಸ್‌ಡಿ ಹೇಗೂ ನೇರ ಹಳಿಯ ಮೇಲಿವೆ. ಇದರ ಹಿಂದಿನ ಪೀಳಿಗೆಯ, 2019ರ ಎಕ್ಸ್570 ಬೋರ್ಡುಗಳಲ್ಲಂತೂ ಬಹುಪಾಲಿನಲ್ಲಿ ಚಿಪ್‌ಸೆಟ್ ತಣಿಸಲು ಪುಟ್ಟ ಫ್ಯಾನೇ ಇರುತ್ತಿತ್ತು. ಇದನ್ನು ರೂಪಿಸಿದ ಪುಣ್ಯಾತ್ಮರು ಶಹಾಬಾದಿನ ಫರಸಿ ಪಾಲಿಶ್ ಪುಡಿ, ವಾಡಿಯ ಸಿಮೆಂಟ್ ಧೂಳು ಕಂಡವರಲ್ಲ. ನಮ್ಮ ಕಡೆ ಫ್ಯಾನು ಎಷ್ಟು ಕಡಿಮೆಯೋ ಅಷ್ಟು ಆಯುಷ್ಯ.

ಎ620 ಬೇಡವೆಂದದ್ದು ಓವರ್‌ಕ್ಲಾಕ್ ಆಗುವುದಿಲ್ಲವೆಂದಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೇಡಂನಲ್ಲಿ ಪ್ರೊಸೆಸರನ್ನು ಇನ್ನಷ್ಟು ಕಾಯಿಸುವ ಉಮೇದು ಯಾರಿಗಿದೆ? ಅಗ್ಗದ ಎ620 ಬೋರ್ಡುಗಳಲ್ಲಿ ಸಾಮಾನ್ಯವಾಗಿ ರ‍್ಯಾಮಿಗೆ ಎರಡೇ ಸ್ಲಾಟು, ಬಾಗಿಲುಗಳೂ ಕಡಿಮೆ. ವಿಡಿಯೊ ಕೆಲಸಕ್ಕೆ ಅದು ಇಕ್ಕಟ್ಟು. ಈ ಬೋರ್ಡುಗಳ ಎಎಂ5 ಸಾಕೆಟ್ಟಿಗೆ 2027ರವರೆಗೆ, ಅದರಾಚೆಗೂ ಬೆಂಬಲವೆಂದು ಎಎಂಡಿ ಹೇಳಿದೆ. ಅಂದಮೇಲೆ ಮುಂದೆ ಪ್ರೊಸೆಸರ್ ಬದಲಾದರೂ ಉಳಿಯುವಂಥ ಬೋರ್ಡು ಬೇಕು.

ಬಿ650 ಕೊಳ್ಳು, ಅದರಲ್ಲೂ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದದ್ದನ್ನೇ ಕೇಳು ಎಂದು ಒತ್ತಿ ಹೇಳಿದೆ. ಬಿ650 ಬೋರ್ಡುಗಳು 2022ರಿಂದ ಬರುತ್ತಿವೆ, 9600ಎಕ್ಸ್ ಬಂದದ್ದು 2024ರಲ್ಲಿ. ಹಳೇ ಬಯೋಸಿನ ಬೋರ್ಡು ಕೈಗೆ ಬಂದರೆ ಯಂತ್ರ ಏಳುವುದೇ ಇಲ್ಲ. ಸಿಕಂದರಾಬಾದಿನಲ್ಲಿ ಇನ್ನೊಂದು ಪ್ರೊಸೆಸರ್ ಹಾಕಿ ಸರಿಮಾಡಿ ಕೊಟ್ಟಾರು, ಸೇಡಂನಲ್ಲಿ ಯಾರನ್ನು ಕೇಳುವುದು? ಆ ಗುಂಡಿ ಇದ್ದರೆ ಬಯೋಸ್ ಹೊಸದು ಮಾಡಲು ಪೆನ್‌ಡ್ರೈವ್ ಸಾಕು.

"ಈಗ ನಿನ್ನ ಯುಎಸ್‌ಬಿ ಲೆಕ್ಕಾ ಹೇಳು" ಎಂದೆ. ಪ್ರಿಂಟರ್ ಎರಡು, ಸ್ಕ್ಯಾನರ್, ಹೆಬ್ಬೆಟ್ಟು ಒತ್ತುವ ಯಂತ್ರ, ಕಾರ್ಡ್ ರೀಡರ್, ಕೀಬೋರ್ಡು, ಮೌಸು. ಹುಡುಗ ಬಿ650 ಬೋರ್ಡೊಂದರ ಬೆನ್ನಿನ ಫೋಟೊ ತೆಗೆದು ಎಣಿಸಿದ. "ಒಂದು ಖಾಲಿ ಉಳೀತದ, ಮಾಮಾ."

ಎಕ್ಸ್670ರ ಆಸೆ ಬಿಟ್ಟು ಉಳಿದ ರೊಕ್ಕದಲ್ಲಿ ಹೊಸ ಯುಪಿಎಸ್ ಬರುತ್ತಿದೆ.