ನಕ್ಷತ್ರದ ಹೊಟ್ಟೆಯೊಳಗೊಂದು ಹದ್ದು

ಕಜಕಸ್ತಾನದ ಸುಖೋಯ್ ವಿಮಾನದ ಫೋಟೋ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ನಕ್ಷತ್ರ. ಸೋವಿಯತ್ ಒಕ್ಕೂಟ ಹೋಗಿ ಇಷ್ಟು ವರ್ಷವಾದರೂ ಇದಿನ್ನೂ ಇದೆಯಲ್ಲ ಎನಿಸುತ್ತದೆ. ಹತ್ತಿರದಿಂದ ನೋಡಿ. ಅಂಚಿಗೆ ಹಳದಿ ಪಟ್ಟಿ, ನಡುವೆ ಸೂರ್ಯ, ಅದರಡಿ ರೆಕ್ಕೆ ಬಿಚ್ಚಿದ ಹದ್ದು. ಹಳೆಯ ಗುರುತನ್ನು ಅಳಿಸಿಲ್ಲ. ಅದರೊಳಗೇ ತಮ್ಮ ಬಾವುಟದ ಚಿತ್ರ ಕೂರಿಸಿದ್ದಾರೆ. ಹಳೇ ಮನೆ ಕೊಂಡವರು ಬಾಗಿಲು ಕೀಳದೆ ಹೊಸ ತೋರಣ ಕಟ್ಟಿದ ಹಾಗೆ.

ಆ ಬಾವುಟವೂ ಚೆನ್ನ. ಇಡೀ ಬಟ್ಟೆ ಆಕಾಶನೀಲಿ, ಕಂಬದ ಬದಿಗೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿನ್ನದ ಬಣ್ಣದ ಕುಸುರಿ. ಬಿಡಿಸಿದವರು ಶಾಕೆನ್ ನಿಯಾಜ್‌ಬೆಕೊವ್. ಸೂರ್ಯನಿಗೆ 32 ಕಿರಣ, ಒಂದೊಂದೂ ಧಾನ್ಯದ ಕಾಳಿನ ಆಕಾರದಲ್ಲಿ. ಕುರಿ ಕಾಯ್ದವರು, ಹದ್ದು ಪಳಗಿಸಿ ಬೇಟೆಯಾಡಿದವರು, ಗೋಧಿ ಬೆಳೆದವರು ಎಲ್ಲರೂ ಒಂದೇ ಬಟ್ಟೆಯಲ್ಲಿ!

ತಮಾಷೆಯೆಂದರೆ, ಆ ದೇಶದ ಸೇನೆ ಹುಟ್ಟಿದ್ದು 1992ರ ಮೇ 7ರಂದು. ಬಾವುಟ ಬಂದದ್ದು ಜೂನ್ 4ಕ್ಕೆ. ಅಂದರೆ 28 ದಿನ ಹೊಸ ದೇಶದ ಸೈನಿಕರಿಗೆ ಸೆಲ್ಯೂಟ್ ಹೊಡೆಯಲು ಹೊಸ ಬಾವುಟವೇ ಇರಲಿಲ್ಲ. ಮಗು ಹುಟ್ಟಿ, ನಾಮಕರಣಕ್ಕೆ ತಿಂಗಳು ಕಾದಂತೆ.

ಇನ್ನೊಂದು. ಮಹಾಸಾಗರವೇ ಮುಟ್ಟದ ಈ ದೇಶಕ್ಕೆ ನೌಕಾಪಡೆಯೂ ಇದೆ, ಕ್ಯಾಸ್ಪಿಯನ್ ದಂಡೆಯ ಅಕ್ತಾವ್‌ನಲ್ಲಿ. ಅದಕ್ಕೂ ಬೇರೆಯದೇ ಬಾವುಟ. ಅದರ ಕಥೆ ಮತ್ತೊಂದು ದಿನ, ಈಗ ಹದ್ದನ್ನೇ ಇನ್ನಷ್ಟು ಹೊತ್ತು ನೋಡುತ್ತೇನೆ.