ಹೊಗೆ ಕುಡಿದ ಮಣ್ಣು

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಕಪ್ಪು ಕುಡಿಕೆಯಿದೆ. ಬಂದವರೆಲ್ಲ 'ಬಿದರಿಯೇ?' ಎಂದು ಕೇಳುತ್ತಾರೆ. ಬಿದರಿ ಲೋಹದ್ದು, ಇದು ಬರೀ ಮಣ್ಣು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಕ್ಲಾರಾ ಎಂಬ ಪ್ವೆಬ್ಲೊ ಹಳ್ಳಿಯಲ್ಲಿ ಹುಟ್ಟಿದ್ದು. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ನಮ್ಮ ತಂಗಿಯ ಮಗ, ಸಾಂತಾ ಫೆ ಪಟ್ಟಣದಲ್ಲಿ ಗವರ್ನರರ ಹಳೆಯ ಅರಮನೆಯ ಪಡಸಾಲೆಯಲ್ಲಿ ಕುಳಿತು ಮಾರುವ ಮೂಲನಿವಾಸಿ ಹೆಂಗಸೊಬ್ಬಳಿಂದ ಕೊಂಡು ತಂದ.

'ಮಾಮೂ, ಇದಕ್ಕೆ ನೀರು ಹಾಕಬೇಡಿ' ಎಂದಿದ್ದ. ನಮಗೆ ಮರೆತುಹೋಯಿತು. ಈದ್ ದಿನ ನೀರು ತುಂಬಿ ಗುಲಾಬಿ ಇಟ್ಟೆವು. ಮರುದಿನ ನೋಡಿದರೆ ಕನ್ನಡಿಯಂತಿದ್ದ ಒಂದು ಮಗ್ಗುಲು ಮಂಕಾಗಿ ಬಿಳಿಚಿಕೊಂಡಿತ್ತು.

ಹಾಳುಮಾಡಿದ ಮೇಲೆಯೇ ಅದರ ಬಗ್ಗೆ ಓದಿದೆವು. ಆ ಹೆಂಗಸರು ಚಕ್ರ ಬಳಸುವುದಿಲ್ಲ. ಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ, ಸುರುಳಿ ಸುತ್ತಿ ಕೈಯಲ್ಲೇ ಏರಿಸುತ್ತಾರೆ. ಅರ್ಧ ಆರಿದಾಗ ನೀರಿನ ಹಾವು ಅವನ್ಯುವಿನ ಚಿತ್ರವನ್ನೋ ಕರಡಿಯ ಹೆಜ್ಜೆಯನ್ನೋ ಕೊರೆಯುತ್ತಾರೆ. ಬರಗಾಲದಲ್ಲಿ ಕರಡಿಯೊಂದು ತಮ್ಮ ಹಿರಿಯರಿಗೆ ನೀರಿನ ಜಾಗ ತೋರಿಸಿತೆಂಬುದು ಸಾಂತಾ ಕ್ಲಾರಾದವರ ನಂಬಿಕೆ. ಆಮೇಲೆ ತಾಯಿಯಿಂದ ಮಗಳಿಗೆ ಬಂದ ನುಣುಪುಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಾರೆ. ಬಯಲಲ್ಲಿ ಸುಡುವಾಗ ಬೆಂಕಿಯನ್ನು ಉರಿಯಲು ಬಿಟ್ಟರೆ ಮಡಕೆ ಕೆಂಪು; ಪುಡಿಮಾಡಿದ ಕುದುರೆ ಲದ್ದಿ ಸುರಿದು ಉಸಿರುಗಟ್ಟಿಸಿದರೆ ಹೊಗೆ ಒಳಗಿಳಿದು ಅದೇ ಮಡಕೆ ಕಪ್ಪು. ಬೆಂಕಿಯ ಕಾವು ಕಡಿಮೆಯಾದ್ದರಿಂದ ಅದು ನೀರು ತಡೆಯದು.

ಸಾಂತಾ ಕ್ಲಾರಾದ ಮಾರ್ಗರೆಟ್ ತಫೋಯಾ (1904–2001) ಎರಡಡಿಗೂ ಮಿಕ್ಕಿದ ಹೂಜಿಗಳನ್ನು ಹೀಗೆಯೇ ಮಾಡಿದರು. ನೆರೆಯ ಸಾನ್ ಇಲ್ಡೆಫಾನ್ಸೊದ ಮರಿಯಾ ಮಾರ್ಟಿನೆಜ್ (1887–1980) ಕಪ್ಪು ಮಡಕೆಯ ಹೆಸರನ್ನು ಜಗತ್ತಿಗೆ ಮುಟ್ಟಿಸಿದರು. ತಮ್ಮ ಸಹಿ ಇದ್ದರೆ ಹೆಚ್ಚು ಬೆಲೆ ಸಿಗುತ್ತದೆಂದು ತಿಳಿದಾಗ ಆಕೆ, ಕೇಳಿಕೊಂಡ ನೆರೆಯ ಹೆಂಗಸರ ಮಡಕೆಗಳಿಗೂ ಸಹಿ ಹಾಕಿಕೊಟ್ಟರಂತೆ. ಸಂಗ್ರಾಹಕರಿಗೆ ಇದು ತಲೆನೋವು. ಆಕೆಗೆ ಅದು ನೆರೆಮನೆಯ ಒಲೆ ಉರಿಯುವ ಪ್ರಶ್ನೆಯಾಗಿತ್ತು.

ಸಂಗ್ರಾಹಕರನ್ನು ದೂರುವಂತೆಯೂ ಇಲ್ಲ. ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಕೈಕೆಲಸವೆಂದು ಮಾರುವವರಿದ್ದಾರೆ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು ಅಪರಾಧವೆಂದು ಅಮೆರಿಕ 1990ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹೆಸರು ನೋಡದೆ ಕೊಳ್ಳಲಾಗದು, ನಿಜ. ಆದರೆ ಕುಡಿಕೆ ಕೈಗೆ ಬಂದಾಗ ನಾವು ಮೊದಲು ಮಾಡಿದ್ದು ಅದನ್ನು ತಲೆಕೆಳಗು ಮಾಡಿ ಹೆಸರು ಓದಿದ್ದು. ಹೇಗೆ ಮಾಡಿದರೆಂದು ಕೇಳಲೇ ಇಲ್ಲ. ಆದಮನನ್ನು ಮಣ್ಣಿನಿಂದ ಮಾಡಲಾಯಿತೆಂದು ಮದ್ರಸದಲ್ಲಿ ಬಾಯಿಪಾಠ ಮಾಡಿದ ನಮಗೆ, ಮಣ್ಣಿನ ಗುಣವನ್ನು ವಿಚಾರಿಸಬೇಕೆಂದು ಹೊಳೆಯಲಿಲ್ಲ.

ಹೊಳಪು ಮತ್ತೆ ಬರಿಸಬಹುದೇ ಎಂದು ತಂಗಿಯ ಮಗನ ಮೂಲಕ ಆ ಹೆಂಗಸನ್ನೇ ಕೇಳಿಸಿದೆವು. ಸುಡುವ ಮುಂಚೆಯಾದರೆ ಉಜ್ಜಬಹುದಿತ್ತು, ಸುಟ್ಟ ಮೇಲೆ ಆಗದು ಎಂದಳಂತೆ. 'ಬೇರೆಯದು ತರಲೇ ಮಾಮೂ?' ಎಂದ ಅವನು. ಬೇಡವೆಂದೆವು.

ಮೊದಲೆಲ್ಲ ಕಲೆಯಾದ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದೆವು. ಈಗ ಅದನ್ನೇ ಮುಂದೆ ಮಾಡಿದ್ದೇವೆ. 'ಇದೇನು ಕಲೆ?' ಎಂದು ಯಾರಾದರೂ ಕೇಳಿದರೆ, ಹೇಳಲು ಇಷ್ಟೆಲ್ಲ ಇದೆ.